ಮೂಡಲ ತೋಟದ ಸೊಪ್ಪು

ನಂದಿದುರ್ಗ, ಕೆ.ಜಿ.ಎಫ್.
10 ಫೆಬ್ರವರಿ 2025

ಅಣ್ಣ,

"ಉಂಡು ಮುಗಿಸಿದವರೇ ಮನೆ ಕಟ್ಟುತ್ತಾರೆ." ಅಮ್ಮ ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಾ ಹೀಗೇನೋ ಒಂದು ಮಾತು ಹೇಳುತ್ತಿದ್ದಳಲ್ಲ? ಬೆಳಗಿನಿಂದ ಅದು ನಾಲಿಗೆಯ ಮೇಲಿದೆ, ಪೂರ್ತಿ ನೆನಪಾಗುತ್ತಿಲ್ಲ. ಮುಂದೆ ಇನ್ನೊಂದು ಅರ್ಧ ಇತ್ತು. ಅಥವಾ ಅದು ಅಮ್ಮನ ಮಾತೇ ಅಲ್ಲ, ನಾನು ಎಲ್ಲೋ ಓದಿದ ಸಾಲಿಗೆ ಅಮ್ಮನ ದನಿ ಅಂಟಿಕೊಂಡಿದೆಯೋ ಏನೋ. ಆ ಮಾತು ನಿಜವೇ ಅನ್ನುವುದೂ ಅನುಮಾನ. ರೇಷ್ಮೆ ಹುಳುವಿನ ಮಟ್ಟಿಗೆ ನಿಜ, ತಿನ್ನುವುದನ್ನು ಬಿಟ್ಟ ಮೇಲೇ ಅದು ಗೂಡು ಕಟ್ಟುವುದು. ಆದರೆ ಹೆಣ್ಣುಮಕ್ಕಳನ್ನು ನಾವು ಹಾಗೆ ಕಾಯುವುದಿಲ್ಲ. ಮದುವೆ ಮಾಡಿದಾಗ ಶ್ರುತಿಗೆ ಇಪ್ಪತ್ತೂ ತುಂಬಿರಲಿಲ್ಲ.

ನಿನ್ನ ಮಗಳು ಮನೆಗೆ ಬಂದಿದ್ದಾಳೆಂದು ರಾಧಾಮಣಿ ಹೇಳಿದಳು. ದಿನವೂ ನಿಮ್ಮೂರಿನಿಂದ ರೈಲು ಹತ್ತಿ ನಮ್ಮ ಕಾಲೇಜಿನ ಆಫೀಸಿಗೆ ಬರುವವಳು ಅವಳು, ನಿಮ್ಮ ಮನೆಯ ಸುದ್ದಿ ನನಗೆ ಅವಳಿಂದಲೇ. ಮಧ್ಯಾಹ್ನದ ಬಿಸಿಲಿನಲ್ಲೂ ಶ್ರುತಿ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಟ್ಟಿದ್ದಳಂತೆ. ಫೋನೂ ಇಲ್ಲವಂತೆ, ನಿನ್ನ ಅಳಿಯ ನರೇಶ್ ನೆಲಕ್ಕೆ ಬಡಿದು ಒಡೆದನಂತೆ. ನೀನು ಅವಳನ್ನು ಏನೂ ಕೇಳಬೇಡ. ತೋಳು ಮೇಲೆತ್ತಿ ತೋರಿಸು ಅನ್ನಲೂ ಬೇಡ.

ಗಣಿಯ ಸಿಡಿಮದ್ದು ನಿನ್ನ ಕಿವಿ ತೆಗೆದುಕೊಂಡಿತು, ಫೋನು ನಿನಗೆ ಆಗದು. ಅತ್ತಿಗೆ ನನ್ನ ಫೋನು ಎತ್ತುವುದಿಲ್ಲ. ಮದುವೆ ಬೇಡ ಅಂದವಳು, ಮದುವೆಗೆ ಬಾರದೆ ಉಳಿದವಳು ನಾನು. ನನ್ನ ಮಾತೇ ನಿಜವಾಯಿತಲ್ಲ, ಈಗ ಅವರಿಗೆ ನನ್ನ ಮೇಲೆ ಸಿಟ್ಟು ಇನ್ನೂ ಹೆಚ್ಚಾಗಿರಬೇಕು. ಅದಕ್ಕೇ ಈ ಕಾಗದ.

ನನ್ನ ಕೋರಿಕೆ ಒಂದೇ. ಅವಳನ್ನು ಮತ್ತೆ ಮುಳಬಾಗಿಲಿಗೆ, ಗಂಡನ ಮನೆಗೆ ಕಳಿಸಬೇಡ. ಈ ಸಲದ ಹುಳುಗಳನ್ನು ಅವಳ ಕೈಗೆ ಕೊಡು. ಚಿಕ್ಕವಳಿದ್ದಾಗ ಪೊರೆ ಬಿಡಲು ಜ್ವರಕ್ಕೆ ಕೂತ ಹುಳು ಯಾವುದು, ಎದ್ದದ್ದು ಯಾವುದು ಅಂತ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು.

ನಿನ್ನ ತಂಗಿ,
ಸುಮಲತ

*

ಊರಿನಿಂದ
3 ಮಾರ್ಚ್ 2025

ತಂಗಿ ಸುಮಲತಳಿಗೆ,

ಉತ್ತರ ತಡವಾಯಿತು. ಚಾಕಿ ಮರಿಹುಳು ಬಂದ ಮೇಲೆ ಕೈ ಬಿಡುವಾಗಲಿಲ್ಲ. ರಾಧಾಮಣಿ ಬೆಳಗಿನ ರೈಲಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಸಂಜೆಯೊಳಗೆ ಉತ್ತರ ಬೇಕು.

ಶ್ರುತಿಯನ್ನು ಕಳಿಸುವುದಿಲ್ಲ ಅಂತ ನಿನ್ನ ಅತ್ತಿಗೆಗೆ ಹೇಳಿದ್ದೆ. ಅವಳು ಬೇಡ ಅನ್ನಲಿಲ್ಲ. "ಈ ಬೆಳೆ ಅವ್ಳ ಕೈಲಿ ಬರ್ಲಿ. ಆಮ್ಯಾಕೆ ಊರೋರ ಬಾಯಿ ತಾನೇ ಮುಚ್ಕಂತದೆ" ಅಂದಳು. ಹಾಗಾಗಿ ಇನ್ನೂರು ಮೊಟ್ಟೆ, ಅಂದರೆ ಲಕ್ಷದ ಹತ್ತಿರದ ಹುಳುವನ್ನು ಪೂರ್ತಿ ಶ್ರುತಿಯೇ ನೋಡಿಕೊಂಡಳು. ಬ್ಲೀಚಿಂಗ್ ಹಾಕಿ ಹುಳುಮನೆ ತೊಳೆದದ್ದು, ಸುಣ್ಣ ಹಾಕಿದ್ದು ಎಲ್ಲಾ ಅವಳೇ. ನಾಲ್ಕನೇ ಜ್ವರದವರೆಗೆ ಒಂದು ಹುಳುವೂ ಕೆಡಲಿಲ್ಲ. ನಿನ್ನ ಅತ್ತಿಗೆ ಬಹಳ ದಿನಕ್ಕೆ ನಕ್ಕಳು.

ಈಗ ತೊಂದರೆ. ನಾಲ್ಕನೇ ಜ್ವರ ಎದ್ದು ಇವತ್ತಿಗೆ ಒಂಬತ್ತು ದಿನ. ಏಳಕ್ಕೆ ಹಣ್ಣಾಗಿ, ತಿನ್ನುವುದು ಬಿಟ್ಟು ಗೂಡಿಗೆ ತೊಡಗಬೇಕಿತ್ತು. ಒಂದೂ ಹಣ್ಣಾಗಿಲ್ಲ. ರೋಗ ಕಾಣುವುದಿಲ್ಲ, ಹುಳು ದಪ್ಪಗೆ, ಬೆಳ್ಳಗೆ, ನನ್ನ ಹೆಬ್ಬೆರಳಿನಷ್ಟು ಇವೆ. ಹಣ್ಣಾಗುವ ಹೊತ್ತಿಗೆ ತಿನ್ನುವ ಸದ್ದು ನಿಲ್ಲಬೇಕು. ನನಗೆ ಅದು ಕೇಳುವುದಿಲ್ಲ, ನಿನ್ನ ಅತ್ತಿಗೆಯ ಮುಖ ನೋಡಿ ತಿಳಿಯಬೇಕು. ಇನ್ನೂ ನಿಂತಿಲ್ಲ.

ನಿನ್ನೆ ಮೇಲಿನ ಬೀದಿಯ ಅಕ್ಕಯ್ಯಮ್ಮ ಬಾಗಿಲಲ್ಲಿ ನಿಂತು, "ಏನ್ಲಾ, ಉಳ ಏನ್ ನಿನ್ ಅಳಿಯಂದ್ರಾ, ಕೂರ್ಸಿ ಕೂರ್ಸಿ ಉಣ್ಣಾಕಾಕೆ?" ಅಂದಳು. ಎದುರು ನಿಂತು ಆಡಿದ್ದರಿಂದ ತುಟಿ ನೋಡಿ ತಿಳಿಯಿತು, ನಾನೂ ನಕ್ಕೆ. ಆಮೇಲೆ ಶ್ರುತಿಯ ಕಡೆ ತಿರುಗಿ ಏನೋ ಅಂದಳು. ಶ್ರುತಿ ಒಳಗೆ ಹೋದಳು. ಏನಂದಳು ಅಂತ ಕೇಳಿದರೆ ನಿನ್ನ ಅತ್ತಿಗೆ ಹೇಳಲೋ ಬೇಡವೋ ಅಂತ ಹೇಳಿದಳು: "ಗಂಡನ್ ಮನೇಲಿ ನಿಲ್ದೋಳ ಕೈಲಿ ಉಳ ಎಂಗ್ ಗೂಡ್ ಕಟ್ತವೆ?"

ಏನು ಮಾಡಲಿ, ಬೇಗ ಬರಿ.

ನಿನ್ನ ಅಣ್ಣ,
ಶ್ರೀನಿವಾಸಪ್ಪ

*

ಕಾಲೇಜಿನಿಂದ
3 ಮಾರ್ಚ್ 2025

ಅಣ್ಣ,

ಹೆದರಬೇಡ. ಎಂ.ಎಸ್ಸಿ.ಯಲ್ಲಿ ಎರಡು ವರ್ಷ ನಾನು ನೋಡಿದ್ದು ಇದನ್ನೇ. ಹುಳುವಿನ ತಲೆಯಲ್ಲಿ ಒಂದು ಸಣ್ಣ ಗ್ರಂಥಿ ಇದೆ. ಅದರಿಂದ ಒಸರುವ ಹಾರ್ಮೋನು ಹುಳುವನ್ನು ಎಳೆಯದಾಗಿಯೇ ಇಡುತ್ತದೆ. ಅದು ಇರುವಷ್ಟು ದಿನ ಹುಳು ತಿನ್ನುತ್ತದೆ, ಬೆಳೆಯುತ್ತದೆ. ತಕ್ಕಷ್ಟು ತಿಂದು ತಕ್ಕಷ್ಟು ತೂಕ ಬಂದ ಮೇಲೆ ಗ್ರಂಥಿ ತಾನೇ ನಿಲ್ಲುತ್ತದೆ, ಆಗ ಹುಳು ಹಣ್ಣಾಗುತ್ತದೆ. ಸೊಪ್ಪಿನಲ್ಲಿ ಸತ್ವ ಸಾಲದೆ ಹೋದರೆ ಆ ತೂಕ ಮುಟ್ಟುವುದೂ ತಡ. ನಾವು ಲ್ಯಾಬಿನಲ್ಲಿ ಅದೇ ಹಾರ್ಮೋನಿನಂಥ ಔಷಧಿಯನ್ನು ಒಂದೊಂದು ಹನಿ ಬೇಕೆಂದೇ ಹಾಕುತ್ತಿದ್ದೆವು. ಹುಳು ಒಂದು ದಿನ ಹೆಚ್ಚು ತಿಂದು ದೊಡ್ಡ ಗೂಡು ಕಟ್ಟುತ್ತಿತ್ತು.

ನಿನ್ನ ಹುಳುಗಳು ದಪ್ಪಗಿವೆ, ರೋಗವಿಲ್ಲ ಅಂದೆಯಲ್ಲ. ಹಾಗಾದರೆ ಇದು ಬರೀ ತಡ. ಒಳ್ಳೆಯ ಸೊಪ್ಪು ಹಾಕು. ಮೂಡಲ ತೋಟದ್ದು ಹಾಕು, ಅಲ್ಲಿನ ಎಲೆ ಯಾವಾಗಲೂ ದಪ್ಪ. ಎರಡು ದಿನ ತಾಳು, ಗೂಡು ದೊಡ್ಡದಾಗಿಯೇ ಬರುತ್ತದೆ.

ಶ್ರುತಿಯ ಕೈಗೂ ಇದಕ್ಕೂ ಸಂಬಂಧವಿಲ್ಲ. ಈ ಮಾತನ್ನು ಅತ್ತಿಗೆಗೆ ಓದಿ ಹೇಳು, ನಾನು ಬರೆದದ್ದು ಅನ್ನಬೇಡ.

ಸುಮಲತ

*

ಊರಿನಿಂದ
12 ಮಾರ್ಚ್ 2025

ತಂಗಿ,

ಹುಳುಗಳನ್ನು ಮಣ್ಣು ಮಾಡಿದೆವು.

ಪಡುವಲ ತೋಟಕ್ಕೆ ಕೈ ಹಾಕದೆ, ನೀನು ಹೇಳಿದಂತೆ ಮೊದಲಿನಿಂದ ಹಾಕುತ್ತಿದ್ದ ಮೂಡಲ ತೋಟದ ಸೊಪ್ಪನ್ನೇ ಕೊಯ್ದು ಹಾಕಿದೆವು. ದಿನಕ್ಕೆ ಮೂರು ಸಲ ಶ್ರುತಿಯೇ ಹೊತ್ತು ತಂದಳು. ಜ್ವರ ಎದ್ದ ಮೇಲೆ ಒಟ್ಟು ಹದಿಮೂರು ದಿನ ತಿಂದವು. ನಾಲ್ಕು ಸಾಲು ಬಿಟ್ಟು ಆ ತೋಟವೇ ಬರಿದಾಯಿತು. ಕೆಲವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು ನೋಡಿದೆವು. ಹತ್ತುವುದು, ಸುಮ್ಮನೆ ತಿರುಗುವುದು, ಬೀಳುವುದು. ಒಂದೆರಡು ಹುಳು ನಾಲ್ಕು ಎಳೆ ಬಿಟ್ಟು ನಿಲ್ಲಿಸಿದವು. ಕೊನೆಗೆ ಕಂದು ಬಣ್ಣಕ್ಕೆ ತಿರುಗಿ ಹಾಗೇ ಸತ್ತವು. ಗುಂಡಿಗೆ ಹಾಕುವಾಗ ಕೈಗೆ ಅವುಗಳ ಭಾರ ತಿಳಿಯುತ್ತಿತ್ತು. ಅಷ್ಟು ತಿಂದ ಹುಳುವನ್ನು ನಾನು ಎಂದೂ ಹೂತಿರಲಿಲ್ಲ.

ನಿನ್ನ ಅತ್ತಿಗೆ ಅಳಲಿಲ್ಲ. ಶ್ರುತಿಗೆ ಹುಳುಮನೆ ತುಳಿಯಬೇಡ ಅಂದಳು, ಅಷ್ಟೇ. ಶ್ರುತಿ ಚಾಪೆ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಅಕ್ಕಯ್ಯಮ್ಮ ಮುಳಬಾಗಿಲಿಗೆ ಹೇಳಿ ಕಳಿಸಿದ್ದಾಳೆ ಅಂತ ಕಾಣುತ್ತದೆ. ಯುಗಾದಿಗೆ ಮುಂಚೆ ಅವರು ಬರುತ್ತಾರಂತೆ.

ಮೂಡಲ ತೋಟದ ಪಕ್ಕದ ಬಾಲಾಜಿ ಈ ವರ್ಷ ರಾಗಿ ಬಿಟ್ಟು ಟೊಮೆಟೊ ಹಾಕಿದ್ದಾನೆ. ಮೊನ್ನೆ ಒಂದು ಕ್ರೇಟು ಹಣ್ಣು ತಂದು ಕೊಟ್ಟು, ನಮ್ಮ ಹುಳು ಹೋದದ್ದಕ್ಕೆ ಬೇಜಾರು ಮಾಡಿಕೊಂಡ. ಒಳ್ಳೆಯವನು. ಬಿಳಿ ನೊಣಕ್ಕೆ ಔಷಧಿ ಹೊಡೆಯುವ ಮುಂಚೆ ನನ್ನನ್ನು ಕೇಳಿದ್ದ. ಪಕ್ಕದಲ್ಲಿ ರೇಷ್ಮೆ ಐತೆ, ಹುಳು ಸಾಯದಂಥ ಔಷಧಿ ಕೊಡಿ ಅಂತ ಅಂಗಡಿಯಲ್ಲಿ ಕೇಳಿ ತಂದಿದ್ದ. "ಅಣ್ಣಯ್ಯ, ಇದ್ಕೆ ನಿನ್ ಉಳ ಇರ್ಲಿ, ಇರುವೇನೂ ಸಾಯಲ್ಲ. ನೊಣ ಎಂಗ್ ಸಾಯ್ತದೋ ಆ ದ್ಯಾವ್ರಿಗೇ ಗೊತ್ತು" ಅಂತ ತಮಾಷೆ ಮಾಡಿದ. ವಾರಕ್ಕೊಮ್ಮೆ ಹೊಡೆಯುತ್ತಾನೆ, ವಾಸನೆಯೂ ಇಲ್ಲ. ಹಾಗಾಗಿ ಆ ಅನುಮಾನವೂ ಇಲ್ಲ.

ನಿನ್ನ ಅಣ್ಣ,
ಶ್ರೀನಿವಾಸಪ್ಪ

*

ನಂದಿದುರ್ಗ
14 ಮಾರ್ಚ್ 2025

ಅಣ್ಣ,

ನಿನ್ನ ಕಾಗದದ ಕೊನೆಯ ಭಾಗವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಬಾಲಾಜಿಯ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಔಷಧಿಯ ಹೆಸರು ಇರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಇದ್ದ ಹಾಗೇ ಒಂದೊಂದು ಅಕ್ಷರ ನೋಡಿ ಬರೆದು ಕಳಿಸು. ನಾನು ಅಂದುಕೊಂಡದ್ದೇ ಆದರೆ, ಅದು ಕೊಲ್ಲುವ ಔಷಧಿಯಲ್ಲ. ನೊಣದ ಮರಿಯನ್ನು ಮರಿಯಾಗಿಯೇ ಇಡುವ ಔಷಧಿ. ಮರಿ ದೊಡ್ಡದಾಗದೆ, ಮೊಟ್ಟೆಯಿಡದೆ ಮುಗಿದು ಹೋಗುತ್ತದೆ. ನಾವು ಲ್ಯಾಬಿನಲ್ಲಿ ಹನಿ ಲೆಕ್ಕದಲ್ಲಿ ಹಾಕುತ್ತಿದ್ದೆವಲ್ಲ, ಅದರದೇ ದಾಯಾದಿ. ಗಾಳಿಯಲ್ಲಿ ತೇಲಿ ಬಂದು ನಿನ್ನ ಸೊಪ್ಪಿನ ಮೇಲೆ ಕೂತಿದೆ. ಹುಳುವಿನ ಒಳಗಿನ ಗ್ರಂಥಿ ಸಾಕು ಅಂತ ನಿಂತರೂ ಪ್ರತಿ ಎಲೆಯ ಜೊತೆ ಮತ್ತೆ ಅದೇ ಹಾರ್ಮೋನು ಹೊಟ್ಟೆಗೆ ಹೋಗಿದೆ. ಇನ್ನೂ ಮಗು, ಇನ್ನೂ ತಿನ್ನು ಅಂತ. ಅನ್ನವೇ ಹಾಗೆ ಹೇಳಿದರೆ ಹುಳು ಏನು ಮಾಡಬೇಕು?

ಒಂಬತ್ತನೇ ದಿನ ಪಡುವಲ ತೋಟದ ಸೊಪ್ಪಿಗೆ ಬದಲಾಯಿಸಿದ್ದರೆ ಅರ್ಧವಾದರೂ ಗೂಡು ಕಟ್ಟುತ್ತಿದ್ದವೋ ಏನೋ. ಮೂಡಲ ತೋಟದ್ದು ಹಾಕು ಅಂದವಳು ನಾನು. ಪಕ್ಕದ ಹೊಲದಲ್ಲಿ ಏನಿದೆ ಅಂತ ಒಂದು ಮಾತು ಕೇಳಲಿಲ್ಲ. ಇಷ್ಟು ವರ್ಷ ಓದಿ, ಪಾಠ ಹೇಳಿ, ಮುಖ್ಯವಾದ ಒಂದು ಪ್ರಶ್ನೆ ಕೇಳಲು ಬರಲಿಲ್ಲ.

ತಪ್ಪು ಸೊಪ್ಪಿನದು. ಆಮೇಲೆ ನನ್ನದು. ಶ್ರುತಿಯದಲ್ಲ. ಮುಳಬಾಗಿಲಿನವರು ಬಂದರೆ ಇದನ್ನು ಗಟ್ಟಿಯಾಗಿ ಹೇಳು. ಈ ಸಲ ನನ್ನ ಹೆಸರನ್ನೂ ಹೇಳು.

ಸುಮಲತ

*

ಊರಿನಿಂದ
24 ಮಾರ್ಚ್ 2025

ತಂಗಿ,

ಬಾಟಲಿಯ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಬಾಲಾಜಿಯೇ ಒಂದೊಂದಾಗಿ ಅಕ್ಷರ ತೋರಿಸಿದ. ಯಾಕೆ ಅಂತ ಕೇಳಿದ, ಹೇಳಿದೆ. ಅವನು ಬದುವಿನ ಮೇಲೆ ಕೂತುಬಿಟ್ಟ. "ಸಾಯೋ ಔಷ್ದಿ ಬ್ಯಾಡ ಅಂತ ನಾನೇ ಬಾಯ್ಬುಟ್ಟು ಕೇಳಿ ತಂದ್ನಲ್ಲಣ್ಣೋ. ಸಾಯೋದೇ ತಂದಿದ್ರೆ ಮೊದಲ್ನೇ ದಿನಾನೇ ಗೊತ್ತಾಗೋದು" ಅಂದ.

ಇನ್ನೊಂದು ವಿಷಯ. ಇದನ್ನು ಬರೆಯಲು ನಾಲ್ಕು ದಿನ ಬೇಕಾಯಿತು.

ಗುರುವಾರ ನರೇಶನೂ ಅವನ ದೊಡ್ಡಪ್ಪನೂ ಬಂದರು. ಊರಿನ ಇಬ್ಬರು ಹಿರಿಯರು, ಅಕ್ಕಯ್ಯಮ್ಮ, ನಿನ್ನ ಅತ್ತಿಗೆ, ಎಲ್ಲರೂ ಜಗುಲಿಯಲ್ಲಿ ಕೂತರು. ನಿನ್ನ ಕಾಗದ ನನ್ನ ಜೇಬಿನಲ್ಲಿತ್ತು. ಓದಿ ಹೇಳಬೇಕು ಅಂತಲೇ ಇಟ್ಟುಕೊಂಡಿದ್ದೆ. ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬರ ತುಟಿ ನೋಡುವಷ್ಟರಲ್ಲಿ ಇನ್ನೊಬ್ಬರು. ನನಗೆ ಏನೂ ಸಿಗಲಿಲ್ಲ. ಗಣಿ ಬಿಟ್ಟಾಗಿನಿಂದ ನನಗೊಂದು ಅಭ್ಯಾಸ ಇದೆ, ನಿನಗೂ ಗೊತ್ತು. ಕೇಳಿಸದಿದ್ದರೆ ತಲೆ ಆಡಿಸಿಬಿಡುತ್ತೇನೆ. ಮತ್ತೆ ಮತ್ತೆ ಏನು ಏನು ಅಂತ ಕೇಳಿದರೆ ಜನ ನಗುತ್ತಾರೆ. ದೊಡ್ಡಪ್ಪ ನನ್ನ ಕಡೆ ತಿರುಗಿ ಏನೋ ಕೇಳಿದ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಗಿಲ ಹಿಂದಿನಿಂದ ಶ್ರುತಿಯೂ ನೋಡುತ್ತಿದ್ದಳು. ನಾನು ತಲೆ ಆಡಿಸಿದೆ.

ಅವರು ಎದ್ದು ಕೈ ಮುಗಿದ ಮೇಲೆ ಗೊತ್ತಾಯಿತು, ಕಳಿಸಿಕೊಡುತ್ತೀರಾ ಅಂತ ಕೇಳಿದ್ದನಂತೆ. ಯುಗಾದಿ ಮಾರನೆಯ ದಿನ ಕರೆದುಕೊಂಡು ಹೋಗಲು ಬರುತ್ತಾರೆ.

ಆಮೇಲೆ ಕಾಗದ ತೆಗೆದು ನಿನ್ನ ಅತ್ತಿಗೆಗೆ ಓದಿದೆ. ಅವಳು, "ಒಪ್ಕಂಡ್ ಮ್ಯಾಲೆ ಓದಿದ್ರೆ ಏನ್ ಬಂತು? ಅವ್ಳಿಗೇನು, ಪುಸ್ತಕ ನೋಡಿ ಹೇಳ್ತಾಳೆ. ಸೊಪ್ಪು ಕಣ್ಣಿಗೆ ಅಸ್ರಾಗೇ ಐತಲ್ಲ" ಅಂದಳು.

ಶ್ರುತಿ ಅಷ್ಟರಲ್ಲಿ ಅಡುಗೆಮನೆಗೆ ಹೋಗಿದ್ದಳು. ನನಗೆ ಕೇಳಿಸಲಿಲ್ಲ ಅನ್ನುವುದು ಅವಳಿಗೆ ಗೊತ್ತಿದೆಯೋ ಇಲ್ಲವೋ ತಿಳಿಯದು. ಹೇಳೋಣ ಅಂದರೆ ಅವಳು ನನ್ನ ಮುಖ ನೋಡುವುದಿಲ್ಲ.

ಶ್ರೀನಿವಾಸಪ್ಪ

*

ನಂದಿದುರ್ಗ
25 ಮಾರ್ಚ್ 2025

ಅಣ್ಣ,

ಹೆಸರು ನಾನು ಅಂದುಕೊಂಡದ್ದೇ.

ಅತ್ತಿಗೆಗೆ ಪುಸ್ತಕ ಬೇಡವಾದರೆ ಕಣ್ಣಿಗೆ ಕಾಣುವಂತೆ ಮಾಡೋಣ. ಊರಿನಲ್ಲಿ ಯಾರ ಮನೆಯಲ್ಲಾದರೂ ನಾಲ್ಕನೇ ಜ್ವರ ಎದ್ದ ಹುಳು ಇದ್ದರೆ ನೂರು ಕೇಳಿ ತಾ. ಎರಡು ತಟ್ಟೆಯಲ್ಲಿ ಐವತ್ತೈವತ್ತು ಹಾಕು. ಒಂದಕ್ಕೆ ಮೂಡಲ ತೋಟದಲ್ಲಿ ಉಳಿದ ನಾಲ್ಕು ಸಾಲಿನ ಸೊಪ್ಪು, ಇನ್ನೊಂದಕ್ಕೆ ಪಡುವಲ ತೋಟದ್ದು. ಎರಡಕ್ಕೂ ಶ್ರುತಿಯೇ ಹಾಕಬೇಕು, ಅವಳ ಕೈಯೇ. ಏಳೆಂಟು ದಿನದಲ್ಲಿ ಉತ್ತರ ಸಿಗುತ್ತದೆ. ಯುಗಾದಿಗೆ ಐದೇ ದಿನ ಇದೆ. ಒಂದು ವಾರ ಮುಂದೆ ಹಾಕು ಅಣ್ಣ. ನನಗೆ ಕೇಳಿಸಲಿಲ್ಲ, ತಪ್ಪಾಗಿ ತಲೆ ಆಡಿಸಿದೆ ಅಂತ ಹೇಳು. ಜನ ನಕ್ಕರೆ ನಗಲಿ.

ಶ್ರುತಿ ಇಲ್ಲಿಗೇ ಬರಲಿ ಅಂತ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಮೂರನೇ ಸಲ ಬರೆದಿದ್ದೇನೆ. ಇಲ್ಲಿಗೇ ಬರಲಿ.

ಸುಮಲತ

*

ಊರಿನಿಂದ
7 ಏಪ್ರಿಲ್ 2025

ತಂಗಿ,

ನಿನ್ನ ಕಾಗದ ಬಂದ ದಿನವೇ ಹುಳು ತಂದೆ. ಶ್ರುತಿ ಎರಡು ತಟ್ಟೆ ಇಟ್ಟಳು. ಹುಳುಮನೆಗೆ ಬಿಡಲಿಲ್ಲವಾದ್ದರಿಂದ ಅಡುಗೆಮನೆಯ ಅಟ್ಟದ ಮೇಲೆ. ಒಂದರ ಕೆಳಗೆ ಇದ್ದಿಲಿನಲ್ಲಿ ಮೂ ಅಂತ, ಇನ್ನೊಂದರ ಕೆಳಗೆ ಪ ಅಂತ ಬರೆದಳು.

ನೀನು ಇಲ್ಲಿಗೇ ಬರಲಿ ಅಂತ ಬರೆದದ್ದನ್ನು ಅವಳಿಗೆ ತೋರಿಸಿದೆ. ಓದಿದಳು. "ಅತ್ತೆ ಬಂದು ಕರ್ಕಂಡು ಓಗ್ತಾರಾ?" ಅಂತ ಕೇಳಿದಳು. ನನ್ನ ಎದುರು ನಿಂತು, ನಿಧಾನಕ್ಕೆ. ನೀನು ಬರಬಹುದು ಅಂತ ನಾನು ಅಂದೆ.

ಒಂದು ವಾರ ತಾಳಿ ಅಂತ ನಾನೇ ಬಸ್ಸು ಹತ್ತಿ ಮುಳಬಾಗಿಲಿಗೆ ಹೋಗಿ ಹೇಳಿದೆ. ನರೇಶ್ ನಕ್ಕು ಟೀ ಕೊಟ್ಟ. ಮಾತಾಡಿದ್ದು ತಿಳಿಯಲಿಲ್ಲ. ಯುಗಾದಿ ಮಾರನೆಯ ದಿನ ಗಾಡಿ ತಂದು ನಿಲ್ಲಿಸಿದ. ಶ್ರುತಿ ಹೊರಡುವ ಮುಂಚೆ ಅಟ್ಟ ಹತ್ತಿ ಎರಡು ತಟ್ಟೆಗೂ ಸೊಪ್ಪು ಹಾಕಿ, ಯಾವ ಹೊತ್ತಿಗೆ ಎಷ್ಟು ಅಂತ ನನಗೆ ಬೆರಳಿನಲ್ಲಿ ತೋರಿಸಿ ಹೋದಳು.

ಎರಡನೇ ತಾರೀಖು ಪ ತಟ್ಟೆಯ ಹುಳುಗಳು ಹಣ್ಣಾದವು. ನಲವತ್ತಾರು ಗೂಡು ಕಟ್ಟಿವೆ, ಗಟ್ಟಿ ಗೂಡು. ಮೂ ತಟ್ಟೆಯವು ಇವತ್ತಿಗೂ ತಿನ್ನುತ್ತಿವೆ.

ನಿನ್ನ ಅತ್ತಿಗೆ ಅಟ್ಟದಿಂದ ಎರಡನ್ನೂ ಇಳಿಸಿ ಮುಂದಿಟ್ಟುಕೊಂಡು ಕೂತಿದ್ದಾಳೆ. ಮೂ ತಟ್ಟೆಗೆ ಸೊಪ್ಪು ಹಾಕುವುದು ಬಿಡು, ಸಾಯುತ್ತವೆ ಅಂತಲೇ ಗೊತ್ತಿದೆಯಲ್ಲ ಅಂದೆ. ಅವಳು ಕೇಳದೆ ಹಾಕುತ್ತಲೇ ಇದ್ದಾಳೆ.

ಶ್ರೀನಿವಾಸಪ್ಪ

*

ನಂದಿದುರ್ಗ
9 ಏಪ್ರಿಲ್ 2025

ಅಣ್ಣ,

ಯುಗಾದಿಯ ಹಿಂದಿನ ದಿನ ನಾನು ನಿಮ್ಮೂರಿಗೆ ಅಂತ ಹೊರಟು ಬಂಗಾರಪೇಟೆಯವರೆಗೆ ಬಂದಿದ್ದೆ. ಕೆ.ಜಿ.ಎಫ್.ನಿಂದ ಎಷ್ಟು ದೂರ, ಅರ್ಧ ಗಂಟೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಮೂರು ವರ್ಷದ ಹಿಂದೆ ಅತ್ತಿಗೆ "ನನ್ನ ಒಸ್ಲು ತುಳೀಬ್ಯಾಡ" ಅಂದದ್ದು ನೆನಪಾಯಿತು. ಹೋದರೆ ನನ್ನ ಮೇಲಿನ ಹಟಕ್ಕೆ ಶ್ರುತಿಯನ್ನು ಇನ್ನೂ ಬೇಗ ಕಳಿಸಿಬಿಟ್ಟರೆ ಅನ್ನಿಸಿತು. ಆ ಯೋಚನೆ ಸುಳ್ಳಲ್ಲ, ಆದರೆ ಅದೇ ಪೂರ್ತಿ ನಿಜವೂ ಅಲ್ಲ. ನನಗೆ ಅವಮಾನದ ಭಯ ಇತ್ತು. ಮುಂದಿನ ರೈಲಿಗೆ ವಾಪಸ್ ಬಂದೆ. ಅವಳು ನಾನು ಬರುತ್ತೇನಾ ಅಂತ ಕೇಳಿದ್ದು ಈಗ ನಿನ್ನ ಕಾಗದದಿಂದ ತಿಳಿಯಿತು.

ಹೋಗಿ ಕರೆದುಕೊಂಡು ಬನ್ನಿ. ಅತ್ತಿಗೆಯೂ ಹೋಗಲಿ. ಇವತ್ತೇ ಹೋಗಿ.

ಸುಮಲತ

*

ಊರು
6 ಮೇ 2025

ಸುಮಲತಾ,

ಇದು ನಿನ್ನ ಅತ್ತಿಗೆ ಅಶ್ವತ್ಥಮ್ಮ ಬರೆಯುತ್ತಿರುವುದು. ನಾನು ಓದಿದ್ದು ಏಳನೇ ಕ್ಲಾಸು, ತಪ್ಪಿದ್ದರೆ ನೋಡಿಕೊಂಡು ಓದು.

ನೀನು ಬರೆದ ಕೂಡಲೇ ಹೊರಡಲಿಲ್ಲ. ಕಳಿಸಿ ಹತ್ತು ದಿನಕ್ಕೇ ಕರೆಯಲು ಹೋದರೆ ಜನ ಏನಂತಾರೆ ಅಂತ ನಾನೇ ತಡೆದೆ. ಬಸವನ ಹಬ್ಬಕ್ಕೆ ಕರೆಯುವ ನೆಪ ಸಿಗುತ್ತದೆ ಅಂತ ಕಾದೆ. ಅಳಿಯನಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಆಮೇಲೆ ಆ ನಂಬರೇ ಇಲ್ಲ ಅಂತ ಬರತೊಡಗಿತು. ನಲವತ್ತಾರು ಗೂಡನ್ನು ಮಾರಲಿಲ್ಲ. ಬುಟ್ಟಿಯಲ್ಲಿಟ್ಟಿದ್ದೆ. ಚಿಟ್ಟೆ ಕೊರೆದುಕೊಂಡು ಬಂದು ಸತ್ತವು.

ನೆನ್ನೆ ನಾನೂ ನಿಮ್ಮಣ್ಣನೂ ಮುಳಬಾಗಿಲಿಗೆ ಹೋದೆವು. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಬಂದು, ಅವರು ಮನೆ ಖಾಲಿ ಮಾಡಿ ಮೂರು ವಾರ ಆಯಿತು ಅಂದಳು. ಹೊಸೂರಿನ ಕಡೆ ಯಾವುದೋ ಫ್ಯಾಕ್ಟರಿಯಂತೆ. ವಿಳಾಸ ಯಾರ ಹತ್ತಿರವೂ ಇಲ್ಲ. ಎರಡು ಬೀದಿ ಕೇಳಿದೆವು. ನಿನಗೆ ಹೊಸೂರಿನಲ್ಲಿ ಗೊತ್ತಿರುವವರು ಯಾರಾದರೂ ಇದ್ದರೆ ವಿಚಾರಿಸು. ಹುಳುವಿನ ವಿಷಯ ನೀನು ಹೇಳಿದ್ದು ಸರಿ. ಮದುವೆ ವಿಷಯವೂ. ಮನೆಗೆ ಬಾ.

ಇತಿ,
ಅಶ್ವತ್ಥಮ್ಮ

ಇದನ್ನು ನಿಮ್ಮಣ್ಣನಿಗೆ ಹೇಳಿಲ್ಲ, ನೀನೂ ಹೇಳಬೇಡ. ಪಕ್ಕದ ಮನೆಯಾಕೆ ಏನಂದಳು ಅಂತ ಬಸ್ಸಿನಲ್ಲಿ ಕೇಳಿದರು. ಅವರು ಬಂದರೆ ತಿಳಿಸ್ತಾಳಂತೆ ಅಂದೆ. ಆಕೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ನೀವ್ಯಾರು ಅಂದಳು. ನಾನು ಶ್ರುತಿಯ ತಾಯಿ ಅಂದೆ. ಅವಳು ಅಂದಳು:

"ತಾಯೀನಾ? ಆ ವುಡ್ಗಿ ತೌರಲ್ಲಿ ಯಾರೂ ಇಲ್ಲ ಅಂದಿದ್ಲಲ್ಲಮ್ಮ."